ಕುರ್ಚಿಯ ಕಾಲಿಗೆ ಕಟ್ಟಿದ್ದ ಕೆಂಪು ಲಾಡಿ

ನಮ್ಮ ಮನೆಯಲ್ಲಿ ಮಾವಿನ ಮಿಡಿ ಉಪ್ಪಿನಕಾಯಿಯ ಜಾಡಿಯೊಂದಿದೆ. ಅದರ ಬಾಯಿಗೆ ಬಿಳಿ ಬಟ್ಟೆ ಮುಚ್ಚಿ, ಬಟ್ಟೆಯ ಮೇಲೆ ಒಂದು ಕೆಂಪು ಲಾಡಿ ಸುತ್ತಿ ಗಂಟು ಹಾಕಿದ್ದಾಳೆ ನನ್ನ ಹೆಂಡತಿ ಗೌರಮ್ಮ. ಸರ್ಕಾರಿ ಕಚೇರಿಯಲ್ಲಿ ಕಡತ ಕಟ್ಟುತ್ತಾರಲ್ಲ, ಅದೇ ಲಾಡಿ. ಬಣ್ಣ ಅರ್ಧ ಬಿಟ್ಟಿದೆ. ಊಟಕ್ಕೆ ಕೂತಾಗಲೆಲ್ಲ ಅದು ಕಣ್ಣಿಗೆ ಬೀಳುತ್ತದೆ, ಬಿದ್ದ ಮೇಲೆ ಅನ್ನ ಸೇರುವುದಿಲ್ಲ. "ಒಂದು ಮಿಡಿ ಹಾಕ್ಲೇನ್ರೀ?" ಅನ್ನುತ್ತಾಳೆ. "ಬ್ಯಾಡ" ಅನ್ನುತ್ತೇನೆ. ಉಪ್ಪಿನಕಾಯಿ ಇಲ್ಲದೆ ತುತ್ತು ಎತ್ತದಿದ್ದ ಗಂಡಸಿಗೆ ಇದೇನು ಬಂತಪ್ಪಾ ಅಂತ ಅವಳಿಗೆ ಯೋಚನೆ. ಬಿ.ಪಿ. ಇರಬೇಕು ಅಂದುಕೊಂಡು ಸಾರಿಗೂ ಉಪ್ಪು ಕಡಿಮೆ ಮಾಡಿದ್ದಾಳೆ. ಹೀಗೆ ಒಂದು ಲಾಡಿಯ ದೆಸೆಯಿಂದ ನಾನು ಸಪ್ಪೆ ಸಾರು ಉಣ್ಣುತ್ತಿದ್ದೇನೆ. ಉಣ್ಣಬೇಕಾದ್ದೇ.

ಲಾಡಿ ಎಸೆದ ಗುಮಾಸ್ತನನ್ನು ನಾನಂತೂ ನೋಡಿಲ್ಲ. ಕಡೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಮೂವತ್ತೆರಡು ವರ್ಷ ಕಾಗದ ಹೊಲಿದವನು ನಾನು. ಯಾವ ಇಲಾಖೆ ಅಂತ ಕೇಳಬೇಡಿ. ಹೇಳಿದರೆ ಅಲ್ಲಿ ನಿಮ್ಮದೂ ಒಂದು ಅರ್ಜಿ ಬಾಕಿ ಇರುತ್ತದೆ, ಮಾತು ಎಲ್ಲಿಗೋ ಹೋಗುತ್ತದೆ. ಕಡತ ಬಿಚ್ಚಿದ ಕೂಡಲೇ ಲಾಡಿಯನ್ನು ಎರಡು ಬೆರಳಿಗೆ ಸುತ್ತಿ ಜೇಬಿಗೆ ಇಳಿಸುವುದು ನಮಗೆ ಅಂಟಿದ ಚಾಳಿ. ನನ್ನ ಕನ್ನಡಕಕ್ಕೆ ಲಾಡಿ, ಊಟದ ಡಬ್ಬಿಯ ಮುಚ್ಚಳಕ್ಕೆ ಲಾಡಿ, ಮುರಿದ ಕೊಡೆಯ ಕಡ್ಡಿಗೆ ಲಾಡಿ. ಒಮ್ಮೆ ಪಂಚನಹಳ್ಳಿ ಬಸ್ಸಿನಲ್ಲಿ ನಿಂತಿದ್ದಾಗ ಪ್ಯಾಂಟಿನ ಗುಂಡಿ ಕಿತ್ತುಕೊಂಡು ಹೋಯಿತು; ಎರಡು ಕೈಯಲ್ಲೂ ಚೀಲ, ಬಸ್ಸಿನ ತುಂಬ ಪರಿಚಯದ ಹೆಂಗಸರು. ಅವತ್ತು ನನ್ನ ಮಾನ ಉಳಿಸಿದ್ದು ಜೇಬಿನಲ್ಲಿದ್ದ ಲಾಡಿ. ಮನೆಗೆ ಬಂದು ಬಿಚ್ಚಿ, ಒಗೆದು, ಮತ್ತೆ ಜೇಬಿಗೇ ಹಾಕಿಕೊಂಡೆ.

ಇದೆಲ್ಲ ಲಾಡಿಯ ಖಾಸಗಿ ಸೇವೆಯಾಯಿತು. ನಮ್ಮ ಕಚೇರಿಯಲ್ಲಿ ಅದಕ್ಕೆ ಇನ್ನೊಂದು ಕೆಲಸವಿತ್ತು. ಕೆಟ್ಟ ವಸ್ತುವಿಗೆ ಲಾಡಿ ಕಟ್ಟುವುದು. ಅಲ್ಲಿ ಕೆಟ್ಟದ್ದನ್ನು ರಿಪೇರಿ ಮಾಡುತ್ತಿರಲಿಲ್ಲ, ಎಸೆಯುತ್ತಲೂ ಇರಲಿಲ್ಲ. ರಿಪೇರಿಗೂ ಮೇಲಿನಿಂದ ಅಪ್ಪಣೆ ಬರಬೇಕು, ಎಸೆಯುವುದಕ್ಕೂ ಬರಬೇಕು. ಅಪ್ಪಣೆ ಬರುವ ತನಕ ಲಾಡಿ. ಬಾಗಿಲ ಪಕ್ಕದ ಸ್ವಿಚ್ಚು ಮುಟ್ಟಿದರೆ ಮೊಣಕೈಯವರೆಗೆ ಝುಂ ಅನ್ನುತ್ತಿತ್ತು. ಅದಕ್ಕೆ ಲಾಡಿ ಕಟ್ಟಿ, ಪಕ್ಕದಲ್ಲಿ ಮರದ ರೂಲುದೊಣ್ಣೆಯೊಂದನ್ನು ನೇತುಹಾಕಿದ್ದೆವು. ದೊಣ್ಣೆಯಿಂದ ತಿವಿದರೆ ದೀಪ ಹತ್ತುತ್ತಿತ್ತು. ಫ್ಯಾನನ್ನು ಮೂರಕ್ಕಿಂತ ಜೋರು ಮಾಡಿದರೆ ಅದು ಬುಡದಿಂದ ತಲೆಯಾಡಿಸುತ್ತಿತ್ತು. ಅದರ ತಿರುಪಿಗೆ ಲಾಡಿ. ಬೀರುವಿನ ಒಂದು ಬಾಗಿಲು ಎಳೆದರೆ ಕೈಗೇ ಬರುತ್ತಿತ್ತು, ಹಿಡಿಕೆಗೆ ಲಾಡಿ. ಲಾಡಿ ಕಟ್ಟಿದ ದಿನಕ್ಕೆ ಅದರ ಚಿಂತೆ ಮುಗಿಯಿತು ಅನ್ನುವ ನೆಮ್ಮದಿ ನಮಗೆ. ಈ ಪದ್ಧತಿ ಶುರು ಮಾಡಿದವನು ಯಾರು ಅಂತೀರಾ? ನಾನೇ. ಅದರ ಬಗ್ಗೆ ನನಗೆ ಸಣ್ಣ ಜಂಬವೂ ಇತ್ತು.

ಒಂದು ವರ್ಷ ಮೇಲಿನಿಂದ ರಿಪೇರಿಯ ಅಪ್ಪಣೆ ಬದಲು ಸುರಕ್ಷತೆಯ ಬಗ್ಗೆ ಒಂದು ಭಿತ್ತಿಪತ್ರ ಬಂತು. ಹೆಲ್ಮೆಟ್ ಹಾಕಿಕೊಂಡು ನಗುತ್ತಿರುವ ಒಬ್ಬ ಮನುಷ್ಯ, ಕೆಳಗೆ ಎಚ್ಚರವಾಗಿರಿ ಅಂತ ದಪ್ಪ ಅಕ್ಷರ. ಗೋಡೆಯಲ್ಲಿ ಗಾರೆ ಉದುರಿ ಇಟ್ಟಿಗೆ ಕಾಣುತ್ತಿದ್ದ ಜಾಗ ಮುಚ್ಚಲು ಅದು ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು. ನಮ್ಮ ಜವಾನ ರಂಗಪ್ಪ ಸುತ್ತಿಗೆ ಸಿಗದೆ ಕಾಗದ ತೂತು ಮಾಡುವ ಮಷೀನಿನಿಂದಲೇ ಮೊಳೆ ಹೊಡೆದ. ಎರಡನೇ ಏಟು ಹೆಬ್ಬೆರಳಿಗೆ ಬಿತ್ತು. ಉಗುರು ಕಪ್ಪಾಗಿ ತಿಂಗಳೊಪ್ಪತ್ತಿನಲ್ಲಿ ಕಳಚಿಹೋಯಿತು. "ಎಚ್ಚರ ಹೇಳಾಕೆ ಬಂದೋನೇ ಉಗುರು ಕಿತ್ಕೊಂಡೋದ ನೋಡಿ ಸಾರ್" ಅಂತ ಅವನು, ಹೊಟ್ಟೆ ಹಿಡಿದುಕೊಂಡು ನಾವು.

ಹಾಗೆ ನಗುವುದು ಕಚೇರಿಗೆ ಸೇರಿ ಕಲಿತದ್ದಲ್ಲ. ಸಿಂಗಟಗೆರೆಯ ನಮ್ಮ ಮನೆಯ ಮುಂದೆ ಮೂರು ಕಲ್ಲಿನ ಮೆಟ್ಟಿಲಿದ್ದವು. ನಡುವಿನದು ಅಲ್ಲಾಡುತ್ತಿತ್ತು. ನಡೆಯಲು ಕಲಿತ ಕೂಸಿಗೆ ನಮ್ಮಜ್ಜಿ ಮೊದಲು ಹೇಳಿಕೊಡುತ್ತಿದ್ದ ಪಾಠವೇ ಅದು: "ಲೇ ತಮ್ಮಾ, ನಡೂಕಲ್ಲು ಆಡ್ತದೆ ಕಣೋ, ಅಂಚಿಗೆ ಕಾಲಿಡು." ನಾವೆಲ್ಲ ಅಂಚಿಗೆ ಕಾಲಿಟ್ಟೇ ಬೆಳೆದೆವು. ನಾಯಿ ಕೂಡ ನಡೂಕಲ್ಲು ದಾಟಿ ಹಾರುತ್ತಿತ್ತು. ಕಲ್ಲಿನ ಕೆಳಗೆ ಒಂದು ಹಿಡಿ ಜಲ್ಲಿ ತುರುಕಿದ್ದರೆ ಅರ್ಧ ಗಂಟೆಯ ಕೆಲಸ, ಯಾರಿಗೂ ಹೊಳೆಯಲಿಲ್ಲ. ಎಲ್ಲರಿಗೂ ಗೊತ್ತಿದೆಯಲ್ಲ, ಇನ್ನೇನು?

ಒಂದು ಸಲ ಜನಗಣತಿಗೆ ಅಂತ ಪರಊರಿನ ಮೇಷ್ಟ್ರೊಬ್ಬರು ಬಂದರು. ಬಿಳಿ ಪಂಚೆ, ಕಂಕುಳಲ್ಲಿ ದಪ್ಪ ಪುಸ್ತಕ. ನೇರ ನಡೂಕಲ್ಲಿಗೆ ಕಾಲಿಟ್ಟರು. ಪುಸ್ತಕ ಒಂದು ಕಡೆ, ಮೇಷ್ಟ್ರು ಒಂದು ಕಡೆ, ಬಾಯಿಂದ ರಕ್ತ. ಅಜ್ಜಿ ನೀರಿನ ಚೊಂಬು ಹಿಡಿದು ಓಡಿಬಂದಳು, ಬಂದವಳು ಏನೆಂದಳು ಗೊತ್ತೇ? "ನೋಡ್ಕೊಂಡು ಬರ್ಬಾರ್ದೇನಪ್ಪಾ! ಆ ಕಲ್ಲು ಆಡ್ತದೆ ಅಂತ ಇಡೀ ಊರಿಗೇ ಗೊತ್ತಲ್ಲ!" ಆ ಮೇಷ್ಟ್ರು ಹಲ್ಲು ಹಿಡಿದುಕೊಂಡು, "ತಪ್ಪಾಯ್ತು ತಾಯಿ" ಅಂದರು. ಬಿದ್ದವರೇ ತಪ್ಪಾಯಿತು ಅಂದದ್ದು ನೋಡಿ ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಆಗ ನನಗೆ ಏಳೋ ಎಂಟೋ. ಆ ನಗು ನೆನೆದರೆ ಈಗ ಮೈ ಉರಿಯುತ್ತದೆ.

ನಮ್ಮ ಸೀಮೆಯ ರಸ್ತೆಯನ್ನೇ ನೋಡಿ. ಗುಂಡಿ ಬಿದ್ದರೆ ಮುಚ್ಚುವುದಿಲ್ಲ, ಅದರೊಳಗೆ ಒಂದು ಸೊಪ್ಪಿನ ಕೊಂಬೆ ನೆಡುತ್ತೇವೆ. ನೆಟ್ಟವನು ಪುಣ್ಯವಂತ. ಸಂಜೆ ಹೊತ್ತಿಗೆ ಮೇಕೆ ಬಂದು ಆ ಸೊಪ್ಪು ತಿಂದು ಹೋಗುತ್ತದೆ. ಗುಂಡಿ ಇದ್ದಲ್ಲೇ ಇರುತ್ತದೆ. ನಮ್ಮ ಕಚೇರಿಯ ಲಾಡಿಯನ್ನು ತಿಂದ ಮೇಕೆ ನಾನು. ಅದನ್ನೇ ಹೇಳಲು ಹೊರಟು ಪ್ಯಾಂಟಿನ ಗುಂಡಿ, ರಸ್ತೆಯ ಗುಂಡಿ ಅಂತ ಅಡ್ಡಾಡುತ್ತಿದ್ದೇನೆ. ಸಹಿಸಿಕೊಳ್ಳಿ.

ಲಾಡಿ ಕಟ್ಟಿಸಿಕೊಂಡ ವಸ್ತುಗಳಲ್ಲಿ ಹಿರಿಯದು ಒಂದು ಮರದ ಕುರ್ಚಿ. ಬೆತ್ತದ ಹೆಣಿಗೆ ಹರಿದುಹೋಗಿ, ಅದರ ಜಾಗಕ್ಕೆ ಹಲಗೆ ಬಡಿದಿದ್ದರು. ನಾನು ಕೆಲಸಕ್ಕೆ ಸೇರಿದ ದಿನ ಕೂತದ್ದು ಅದರ ಮೇಲೆಯೇ. ಆಮೇಲೆ ಅದರ ಒಂದು ಹಿಂಗಾಲಿಗೆ ಗೆದ್ದಲು ಹಿಡಿದು ಒಳಗೆಲ್ಲ ಟೊಳ್ಳಾಯಿತು. ಹೊರಗೆ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ, ಗಟ್ಟಿಮುಟ್ಟಾಗಿ ನಿಂತಿರುತ್ತಿತ್ತು. ಆ ಟೊಳ್ಳು ಕಾಲಿಗೆ ನಾನೇ ಲಾಡಿ ಕಟ್ಟಿ, ಹಳೆಯ ಕಡತಗಳನ್ನು ಇಡುವ ರೆಕಾರ್ಡ್ ರೂಮಿನ ಮೂಲೆಗೆ ಸೇರಿಸಿದೆ. ಅಪ್ಪಣೆಗೆ ಬರೆದೆವು. ಅಪ್ಪಣೆ ಬರಲಿಲ್ಲ. ಕುರ್ಚಿ ಹನ್ನೊಂದು ವರ್ಷ ಹಾಗೇ ಇತ್ತು.

ನನ್ನ ನಿವೃತ್ತಿಗೆ ಆರೇಳು ತಿಂಗಳಿದ್ದಾಗ ತರೀಕೆರೆಯಿಂದ ವರ್ಗವಾಗಿ ಸರೋಜಮ್ಮ ನಮ್ಮ ಕಚೇರಿಗೆ ಬಂದರು. ಅಜ್ಜಂಪುರದಲ್ಲಿ ಮನೆ, ಡಿಗ್ರಿ ಓದುವ ಒಬ್ಬಳೇ ಮಗಳು. ದಿನಾ ರೈಲಿನಲ್ಲಿ ಬಂದು ಹೋಗುತ್ತಿದ್ದರು. ಅಷ್ಟು ಎಚ್ಚರದ ಹೆಂಗಸನ್ನು ನಾನು ಕಂಡಿಲ್ಲ. ಬೀರುವಿಗೆ ಬೀಗ ಹಾಕಿ ಮೂರು ಸಲ ಜಗ್ಗುತ್ತಿದ್ದರು. ನೀರಿನ ಲೋಟವನ್ನು ಮೇಜಿನ ಅಂಚಿಗೆ ಇಟ್ಟರೆ ನಮ್ಮದನ್ನೂ ಒಳಕ್ಕೆ ತಳ್ಳಿ ಹೋಗುತ್ತಿದ್ದರು. ನಾವು ಹಿಂದಿನಿಂದ ನಗುತ್ತಿದ್ದೆವು.

ಮೊದಲ ದಿನ ಅವರಿಗೂ ನಾನೇ ಕಚೇರಿ ಪ್ರದಕ್ಷಿಣೆ ಮಾಡಿಸಿದೆ. ಸ್ವಿಚ್ಚು, ದೊಣ್ಣೆ, ಫ್ಯಾನು, ಬೀರು. ರೆಕಾರ್ಡ್ ರೂಮಿನ ಬೀಗದ ಕೈ ರಂಗಪ್ಪನ ಹತ್ತಿರ, ಅವನು ಅವತ್ತು ರಜೆ. ಬಾಗಿಲ ಹೊರಗೇ ನಿಂತು ಹೇಳಿದೆ, "ಒಳಗೂ ಅಷ್ಟೇ ಕಣಮ್ಮ. ಲಾಡಿ ಕಂಡ್ರೆ ಕೈ ಹಾಕ್ಬೇಡಿ. ಲಾಡಿ ಇಲ್ಲಾಂದ್ರೆ ಧೈರ್ಯವಾಗಿ ಮುಟ್ಟಿ."

"ಒಳ್ಳೇ ಪದ್ಧತಿ ಸಾರ್," ಅಂದರು ಸರೋಜಮ್ಮ. "ತರೀಕೆರೇಲಿ ಇದೂ ಇರ್ಲಿಲ್ಲ."

ನಾನು ಉಬ್ಬಿಹೋದೆ.

ಮಾರನೇ ತಿಂಗಳು ಆಯುಧಪೂಜೆ ಬಂತು. ಹಬ್ಬಕ್ಕೆ ಎರಡು ದಿನ ರಜೆ, ಅದರ ಹಿಂದಿನ ದಿನ ಕಚೇರಿಯ ಪೂಜೆ. ವರ್ಷಕ್ಕೆ ಒಂದು ದಿನ ನಮ್ಮ ಕಚೇರಿ ನೀರು ಕಾಣುತ್ತಿದ್ದುದು ಅವತ್ತೇ. ಕಂಪ್ಯೂಟರಿಗೆ ವಿಭೂತಿ, ಪಂಚಿಂಗ್ ಮಷೀನಿಗೆ ಕುಂಕುಮ, ಝುಂ ಅನ್ನುವ ಸ್ವಿಚ್ಚಿಗೆ ದೂರದಿಂದಲೇ ಒಂದು ಹೂವು. ಬಾಗಿಲಲ್ಲಿ ಬೂದುಗುಂಬಳಕ್ಕೆ ಕುಂಕುಮ ತುಂಬಿ ದೃಷ್ಟಿ ತೆಗೆದು ಒಡೆಯುವುದು. ಯಾರಿಗೂ ಪೆಟ್ಟಾಗದಿರಲಿ ಅಂತ ಒಡೆದ ಆ ಕುಂಬಳದ ಮೇಲೆ ಪ್ರತಿ ವರ್ಷವೂ ಒಂದಲ್ಲ ಒಂದು ಸ್ಕೂಟರು ಜಾರುತ್ತಿತ್ತು. ಆ ವರ್ಷ ಜಾರಿದ್ದು ಮಂಡಕ್ಕಿ ತರಲು ಹೋಗಿದ್ದ ನಮ್ಮ ರಂಗಪ್ಪನದೇ. ಪಂಚೆಯೆಲ್ಲ ಕುಂಕುಮದ ನೀರು. ರಕ್ತವೆಂದು ಹೆದರಿ, ಅಲ್ಲವೆಂದು ಗೊತ್ತಾಗಿ, ಮತ್ತೆ ನಕ್ಕೆವು. ನಾವು ನಗದೇ ಬಿಟ್ಟದ್ದು ಯಾವುದು ಹೇಳಿ.

ಅದಕ್ಕೂ ಮುಂಚೆ, ಬೆಳಿಗ್ಗೆ, ರೆಕಾರ್ಡ್ ರೂಮು ಒರೆಸುವಾಗ ರಂಗಪ್ಪ ಕೇಳಿದ್ದ, "ಈ ಕುರ್ಚೀಗೂ ಕುಂಕ್ಮ ಇಡ್ಲಾ ಸಾರ್? ಕುಂಟು ಕುರ್ಚಿ."

"ಇಡೋ ಮಾರಾಯ. ಅದೇನು ಪಾಪ ಮಾಡೈತೆ? ನಾನು ಸೇರ್ದಾಗ ಅದ್ರ ಮೇಲೇ ಕಣೋ ಕೂತಿದ್ದು. ತತ್ತಾ, ನಾನೇ ಇಡ್ತೀನಿ."

ನಿವೃತ್ತಿ ಹತ್ತಿರ ಬಂದವನ ಅಂತಃಕರಣ. ಒದ್ದೆ ಬಟ್ಟೆ ತೆಗೆದುಕೊಂಡು ಆ ಕುರ್ಚಿಯ ನಾಲ್ಕು ಕಾಲನ್ನೂ ಒರೆಸಿದೆ. ಹಿಂಗಾಲಿನ ಲಾಡಿಗೆ ಜೇಡರ ಬಲೆ, ಹನ್ನೊಂದು ವರ್ಷದ ಧೂಳು. ಹಬ್ಬದ ದಿನ ಇಂಥ ಕೊಳಕು ಯಾಕೆ ಅನ್ನಿಸಿತು. ಬಿಚ್ಚಿದೆ. ಪೂಜೆಯಾದ ಮೇಲೆ ಕಟ್ಟಿದರಾಯಿತು ಅಂತ ಎರಡು ಬೆರಳಿಗೆ ಸುತ್ತಿ ಜೇಬಿಗೆ ಹಾಕಿಕೊಂಡೆ. ಬೆನ್ನಿಗೆ ಮೂರು ಬೆರಳು ವಿಭೂತಿ ಎಳೆದು, ಕುಂಕುಮವಿಟ್ಟು, ಲಾಡಿ ಇದ್ದ ಜಾಗಕ್ಕೇ ಒಂದು ಮೊಳ ಸೇವಂತಿಗೆ ಸುತ್ತಿದೆ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ಚೆನ್ನಾಗಿ ಕಾಣುತ್ತಿತ್ತು. ಕೈ ಕೂಡ ಮುಗಿದೆ ಅಂತ ನೆನಪು. ಆಮೇಲೆ ಮಂಗಳಾರತಿ, ಕುಂಬಳಕಾಯಿ, ರಂಗಪ್ಪನ ಪಂಚೆ, ಮಂಡಕ್ಕಿ, ಖಾರಾಬಾತು. ಜೇಬಿನ ಲಾಡಿ ಜೇಬಿನಲ್ಲೇ ಮನೆಗೆ ಬಂತು.

ಹಬ್ಬ ಮುಗಿದು ಕಚೇರಿ ತೆರೆದ ದಿನ ಮೀಟಿಂಗಿಗೆ ಹೋಗಿದ್ದ ಸಾಹೇಬರು ಫೋನು ಮಾಡಿ ಒಂದು ಹಳೆಯ ಕಡತ ಕೇಳಿದರು. ನಾನು ಹೋಗಬೇಕಾದದ್ದು. ಮೊಣಕಾಲು ನೋವು ಅನ್ನುವ ನೆಪ ಇತ್ತಲ್ಲ, "ಸರೋಜಮ್ಮ, ರೆಕಾರ್ಡ್ ರೂಮಲ್ಲಿ ಮೇಲಿನ ರ‍್ಯಾಕಲ್ಲಿರ್ಬೇಕು, ಸ್ವಲ್ಪ ನೋಡ್ತೀರಾ?" ಅಂದೆ.

"ಏಣಿ ಎಲ್ಲೈತೆ ಸಾರ್?"

"ಏಣೀನ ಯಾರೋ ತಗೊಂಡೋಗಿ ವರ್ಷ ಆಯ್ತು, ವಾಪಸ್ ಬಂದಿಲ್ಲ. ಏನಾದ್ರೂ ಹಾಕ್ಕೊಂಡು ಹತ್ತಿ."

ಏನಾದರೂ ಹಾಕಿಕೊಂಡು ಹತ್ತಿ ಅಂದೆ. ನನ್ನ ಬಾಯಲ್ಲೇ ಅಂದೆ. ಅಂದು ಟೀ ಲೋಟ ಎತ್ತಿಕೊಂಡೆ.

ಮೊದಲು ಕಟ್ ಅಂತ ಒಂದು ಸಣ್ಣ ಸದ್ದು. ಆಮೇಲೆ ಕಡತದ ಕಟ್ಟುಗಳು ಬೀಳುವ ಸದ್ದು. ಕೂಗು ಕೇಳಲಿಲ್ಲ, ಅದಕ್ಕೇ ಏನೋ ಬಿತ್ತು ಅಂದುಕೊಂಡು ನಾನು ಇನ್ನೊಂದು ಗುಟುಕು ಕುಡಿದೆ. ಸದ್ದು ಕೇಳಿ ಮೊದಲು ಹೋದ ರಂಗಪ್ಪ ಒಳಗಿನಿಂದ ಕಿರುಚಿದ ಮೇಲೆ ಓಡಿದೆ. ಸರೋಜಮ್ಮ ಅಂಗಾತ ಬಿದ್ದಿದ್ದರು, ಸೊಂಟದ ಕೆಳಗೆ ಕಬ್ಬಿಣದ ರ‍್ಯಾಕಿನ ಅಂಚು. ಕಣ್ಣು ತೆರೆದೇ ಇದ್ದವು. "ಕಾಲು ಗೊತ್ತಾಗ್ತಿಲ್ಲ ಸಾರ್" ಅಂದರು, ಯಾರಿಗೋ ಸಮಾಚಾರ ಹೇಳುವವರ ಹಾಗೆ ಮೆಲ್ಲಗೆ. ಪಕ್ಕದಲ್ಲಿ ಮುರಿದ ಕುರ್ಚಿಯ ಕಾಲು, ಅದಕ್ಕೆ ಬಾಡಿದ ಸೇವಂತಿಗೆ. ಗೋಡೆಯ ಪಕ್ಕ ಅವರ ಚಪ್ಪಲಿ ಒಂದರ ಪಕ್ಕ ಒಂದು ಜೋಡಿಸಿಟ್ಟಿದ್ದವು. ಯಾಕೆ ಬಿಟ್ಟಿದ್ದರು ಅಂತ ಆಗ ನನಗೆ ಹೊಳೆಯಲಿಲ್ಲ. ಹೂವು ನೋಡಿದ ಕೂಡಲೇ ನನ್ನ ಕೈ ಜೇಬಿಗೆ ಹೋಗಿತ್ತು. ಅವತ್ತು ಹಾಕಿದ್ದು ಬೇರೆ ಅಂಗಿ. ಜೇಬಿನಲ್ಲಿ ಏನೂ ಇರಲಿಲ್ಲ.

ಅವರನ್ನು ಬಾಗಿಲಿನ ಹಲಗೆಯ ಮೇಲೆ ಮಲಗಿಸಿ ಆಸ್ಪತ್ರೆಗೆ ಸಾಗಿಸಿದ್ದಾಯಿತು. ಮಧ್ಯಾಹ್ನ ಸಾಹೇಬರು ಸ್ಥಳ ನೋಡಿ ಮಹಜರು ಬರೆಸಲು ಬರುತ್ತಾರೆ ಅಂತ ಗೊತ್ತಾಯಿತು. ಅದಕ್ಕೆ ಮುಂಚೆ ರೆಕಾರ್ಡ್ ರೂಮಿಗೆ ಹೋದರೆ ರಂಗಪ್ಪ ಕುಕ್ಕರಗಾಲಲ್ಲಿ ಕೂತು ಮುರಿದ ಕಾಲಿಗೆ ಹೊಸ ಲಾಡಿ ಕಟ್ಟುತ್ತಿದ್ದ. ಹೂವು ಎಲ್ಲಿಯೂ ಕಾಣಲಿಲ್ಲ.

"ಏನೋ ಇದು?"

"ಸುಮ್ನಿರಿ ಸಾರ್. ಇಲ್ದಿದ್ರೆ ನಮ್ಮಿಬ್ರ ಕುತ್ತಿಗೆಗೇ ಬತ್ತದೆ. ಆಯಮ್ಮ ಹೆಂಗೂ ಬಿದ್ದಾಯ್ತು."

ನಾನು ಸುಮ್ಮನಾದೆ. ನಿಮಗೆ ಏನು ಮುಚ್ಚಿಡಲಿ, ಅವನು ಹೇಳಿದ್ದಕ್ಕೆ ಅಲ್ಲ. ಅವನು ಅದನ್ನು ಮಾಡಿದ್ದು ನೋಡಿ ನನ್ನ ಎದೆಗೆ ತಣ್ಣಗಾಯಿತು. ಅಯ್ಯೋ, ನಾನೇ ಕಟ್ಟಬೇಕಾಗಿ ಬರಲಿಲ್ಲವಲ್ಲ ಅಂತ.

ಮಹಜರು ಬರೆದವನು ನಾನು. ನಮ್ಮ ಕಚೇರಿಯ ಮಹಜರುಗಳೆಲ್ಲ ನನ್ನ ಕೈಬರಹದ್ದೇ. ನನ್ನ ಅಕ್ಷರ ದುಂಡಗೆ, ಮುತ್ತು ಪೋಣಿಸಿದ ಹಾಗಿದೆ ಅಂತ ಹೆಸರು. 'ಸದರಿ ಕುರ್ಚಿಯ ಕಾಲಿಗೆ ಎಚ್ಚರಿಕೆಯ ಕೆಂಪು ಲಾಡಿ ಕಟ್ಟಿರುವುದು ಕಂಡುಬಂದಿರುತ್ತದೆ.' ಸುಳ್ಳೇನೂ ಅಲ್ಲ ನೋಡಿ, ಬರೆಯುವಾಗ ಕಂಡುಬಂದಿತ್ತು. ಕೆಳಗೆ ಸಾಕ್ಷಿ ಅಂತ ರುಜುವನ್ನೂ ಹಾಕಿದೆ. ಆ ಒಂದು ಸಾಲಿನ ಮೇಲೆ ಮುಂದಿನದೆಲ್ಲ ನಿಂತಿತು. ಲಾಡಿ ಕಟ್ಟಿದ ಕುರ್ಚಿ ಹತ್ತಿದ್ದೇಕೆ ಅಂತ ಸರೋಜಮ್ಮನವರಿಗೆ ನೋಟಿಸು ಹೋಯಿತು. ಮಲಗಿದ್ದಲ್ಲಿಂದಲೇ ಅವರು, ಲಾಡಿ ಇರಲಿಲ್ಲ ಅಂತ ಉತ್ತರ ಬರೆದರು. ಮಹಜರಿನಲ್ಲಿ ಇದೆಯಲ್ಲ ಅಂದರು ಕಚೇರಿಯವರು. ಕೊನೆಗೆ ಕಡತದಲ್ಲಿ ಬರೆದದ್ದು: ಸ್ವಂತ ಅಜಾಗರೂಕತೆ. ಎಚ್ಚರಕ್ಕೆ ಇನ್ನೊಂದು ಹೆಸರಿನಂತಿದ್ದ ಆ ಹೆಂಗಸಿಗೆ ಬಂದ ಬಿರುದು ಅದು. ಮುಂದಿನ ಬೇಸಿಗೆಗೆ ನಾನು ಹಾರ ಹಾಕಿಸಿಕೊಂಡು ನಿವೃತ್ತನಾದೆ. "ಇವರ ಕಡೆಯಿಂದ ಒಂದು ತಪ್ಪು ಅಂತ ನಡೆದಿಲ್ಲ" ಅಂತ ಸಾಹೇಬರು ಭಾಷಣ ಮಾಡಿದರು. ನಾನು ತಲೆ ತಗ್ಗಿಸಿದ್ದು ವಿನಯ ಅಂತ ಎಲ್ಲರೂ ಚಪ್ಪಾಳೆ ತಟ್ಟಿದರು.

ಪೂಜೆಯ ದಿನ ಹಾಕಿದ್ದ ಅಂಗಿಯನ್ನು ಒಗೆಯುವಾಗ ಗೌರಮ್ಮನ ಕೈಗೆ ಲಾಡಿ ಸಿಕ್ಕಿತ್ತು. ಅವಳು ಅದನ್ನು ಜೋಪಾನ ಮಾಡಿಟ್ಟು, ಮಿಡಿ ಹಾಕಿದಾಗ ಜಾಡಿಗೆ ಕಟ್ಟಿದಳು. ಗುಮಾಸ್ತನ ಹೆಂಡತಿ, ಎಸೆಯುತ್ತಾಳೆಯೇ?

ಸರೋಜಮ್ಮನವರನ್ನು ನೋಡಲು ನಾನು ಒಂದೂವರೆ ವರ್ಷ ಹೋಗಲಿಲ್ಲ. ಅಂತೂ ಒಂದು ದಿನ ಕಡೂರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ ರಂಗಪ್ಪ, "ಆಯಮ್ಮನ್ನ ಮನೇಲಿ ಒಲೆ ಹಚ್ಚಾಕೂ ಬಿಡಾಕಿಲ್ವಂತೆ ಸಾರ್" ಅಂದ. ಯಾಕೆ ಅಂದರೆ ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ. ಆ ಮಾತು ತಲೆ ಕೊರೆಯತೊಡಗಿತು. ಬಾಳೆಹಣ್ಣು ಹಿಡಿದುಕೊಂಡು ಅಜ್ಜಂಪುರಕ್ಕೆ ಹೋದೆ.

ಮಂಚದ ಮೇಲೆ ಒರಗಿದ್ದರು. ಗೋಡೆ ಹಿಡಿದು ನಾಲ್ಕು ಹೆಜ್ಜೆ ಹಾಕಬಹುದು, ಕಾಲು ಗಂಟೆಗಿಂತ ಹೆಚ್ಚು ಕೂರಲಾಗುವುದಿಲ್ಲ. ನನ್ನನ್ನು ಕಂಡು ಮುಖ ಅರಳಿತು. ಅದೇ ನನಗೆ ತಡೆಯಲಾಗಲಿಲ್ಲ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಮಗಳು ಕಾಫಿ ತಂದುಕೊಟ್ಟು ಪಕ್ಕದಲ್ಲೇ ನಿಂತಳು. ತಾಯಿ ಲೋಟ ಎತ್ತಿಕೊಳ್ಳಲು ಹೋದರೆ, "ಇರಮ್ಮ, ಚೆಲ್ಕೋತೀಯ" ಅಂತ ತಾನೇ ಹಿಡಿದಳು. ಚಿಕ್ಕ ಮಕ್ಕಳಿಗೆ ಹೇಳುವ ಧ್ವನಿ.

"ಒಲೆ ಹತ್ರಾನೂ ಬಿಡಲ್ಲ ಸಾರ್ ಇವ್ಳು. ಕಣ್ಣಿನ ಡಾಕ್ಟ್ರ ಹತ್ರ ಎರಡು ಸಲ ಕರ್ಕೊಂಡೋಗಿದ್ಲು. ಆಮೇಲೆ ತಲೆ ಡಾಕ್ಟ್ರ ಹತ್ರ."

"ಮತ್ತೇನ್ಮಾಡ್ಲಿ ಅಂಕಲ್? ಅಷ್ಟು ಕೆಂಪಗೆ ಕಟ್ಟಿರೋದು ಕಾಣ್ಲಿಲ್ಲ ಅಂದ್ರೆ? ಕೇಳಿದ್ರೆ ಇಲ್ಲಿಗಂಟ ಇರ್ಲಿಲ್ಲ ಅಂತಾನೇ ಅಂತಾಳೆ" ಅಂದು ಮಗಳು ಲೋಟ ತೆಗೆದುಕೊಂಡು ಒಳಗೆ ಹೋದಳು.

ಸರೋಜಮ್ಮ ಅವಳು ಹೋಗುವುದನ್ನೇ ಕಾದಿದ್ದರು ಅಂತ ಕಾಣುತ್ತದೆ. ತಗ್ಗಿದ ಧ್ವನಿಯಲ್ಲಿ ಹೇಳಿದರು, "ನೀವು ಹೇಳಿದ್ರಲ್ಲ ಸಾರ್, ಲಾಡಿ ನೋಡಿ ಅಂತ. ನಾಲ್ಕು ಕಾಲೂ ಬಗ್ಗಿ ನೋಡ್ದೆ. ಹೂವು ಇತ್ತು. ಕುಂಕುಮ, ವಿಭೂತಿ ಇತ್ತು. ಪೂಜೆ ಮಾಡಿದ್ದ ಕುರ್ಚಿ ಮೇಲೆ ಕಾಲಿಡೋದು ಹೆಂಗಪ್ಪಾ ಅಂತ ಮನಸ್ಸು ಹಿಂಜರೀತು. ಚಪ್ಪಲಿ ಬಿಟ್ಟು, ಮುಟ್ಟಿ ಕಣ್ಣಿಗೊತ್ಕೊಂಡು ಹತ್ತಿದೆ. ಇಷ್ಟು ನೆನಪೈತೆ ನಂಗೆ. ಆದ್ರೆ ಎಲ್ರೂ ಲಾಡಿ ಇತ್ತು ಅಂತಾರೆ. ಹಗಲೂ ರಾತ್ರಿ ಅದೇ ಯೋಚ್ನೆ ಸಾರ್. ಹಾಳು ನನ್ನ ತಲೇನೇ ಕೆಟ್ಟೋಗೈತಾ? ನೀವು ಸುಳ್ಳು ಹೇಳೋರಲ್ಲ. ನೀವೇ ಹೇಳಿ. ಲಾಡಿ ಇತ್ತಾ?"

ನನ್ನ ಮೂವತ್ತೆರಡು ವರ್ಷದ ಸರ್ವೀಸಿನಲ್ಲಿ ಯಾರೂ ನನ್ನನ್ನು ಅಷ್ಟು ನಂಬಿ ಏನನ್ನೂ ಕೇಳಿರಲಿಲ್ಲ.

"ಇರ್ಲಿಲ್ಲಮ್ಮ," ಅಂದೆ. "ನಾನೇ ಬಿಚ್ಚಿದ್ದೆ. ಪೂಜೆಗೆ ಅಂತ. ಮತ್ತೆ ಕಟ್ಟೋದು ಮರೆತೆ."

ಬೀದಿಯಲ್ಲಿ ಯಾರದೋ ಬೈಕು ಹೋಯಿತು. ಆಮೇಲೆ ಅವರ ಕಣ್ಣಲ್ಲಿ ನೀರು ಬಂತು, ಅದರ ಜೊತೆಗೇ ಒಂದು ನಗು. "ಹಂಗಾದ್ರೆ ನನ್ನ ಕಣ್ಣು ಸರಿಯಾಗೇ ಇತ್ತು" ಅಂದರು. ಮತ್ತೆ ಅಂದರು, "ಸರಿಯಾಗೇ ಇತ್ತು." ನನ್ನ ಮೇಲೆ ಒಂದು ಕೆಟ್ಟ ಮಾತು ಆಡಲಿಲ್ಲ. ನಾನು ಆಡಿಸಿಕೊಳ್ಳಲು ಸಿದ್ಧನಾಗಿ ಕಾಯುತ್ತ ಕೂತೇ ಇದ್ದೆ.

ಏಳುವಾಗ ಕೈ ಸನ್ನೆ ಮಾಡಿ ಕರೆದರು. "ಒಂದು ಉಪಕಾರ ಮಾಡಿ ಸಾರ್. ನನ್ ಮಗಳು ನಾನು ಹೇಳಿದ್ರೆ ನಂಬಲ್ಲ. ಕಚೇರಿಯೋರೂ ನಂಬಲ್ಲ. ನಾಲ್ಕು ಸಾಲು ಬರ್ದು ಕೊಡಿ, ಲಾಡಿ ಇರ್ಲಿಲ್ಲ ಅಂತ. ನಿಮ್ಮ ಅಕ್ಷರದಲ್ಲೇ. ಮೊದಲ್ನೇದೂ ನಿಮ್ಮ ಅಕ್ಷರಾನೇ ಅಲ್ವಾ."

"ಬರ್ದು ಕೊಡ್ತೀನಮ್ಮ," ಅಂದೆ. "ಇದೇ ವಾರ ಬತ್ತೀನಿ."

ಇದಾಗಿ ಏಳು ತಿಂಗಳಾಯಿತು.

ಬಿಳಿ ಹಾಳೆ ತಂದಿಟ್ಟಿದ್ದೇನೆ. ಪೆನ್ನಿಗೆ ಇಂಕು ಇದೆ. 'ಇವರಿಗೆ' ಅಂತ ಬರೆದು ಪಕ್ಕದಲ್ಲಿ ಎರಡು ಚುಕ್ಕಿ ಇಡುತ್ತೇನೆ, ಅಲ್ಲಿಗೆ ಕೈ ನಿಲ್ಲುತ್ತದೆ. ನಿವೃತ್ತನಾದವನ ಮೇಲೂ ವಿಚಾರಣೆ ಹೂಡಬಹುದಂತೆ. ರಂಗಪ್ಪನಿಗೆ ಇನ್ನೂ ಮೂರು ವರ್ಷ ಸರ್ವೀಸಿದೆ, ಅವನ ಬಾಳೇನಾಗಬೇಕು ಅಂತ ಅವನ ಹೆಸರಿನಲ್ಲೂ ಒಂದಷ್ಟು ದಿನ ತಳ್ಳಿದೆ. ಇವೆಲ್ಲ ನೆಪ. ನನಗೆ ಭಯ, ಅಷ್ಟೇ. ಕಡೂರಿನ ಬೀದಿಯಲ್ಲಿ ಇವರ ಕಡೆಯಿಂದ ಒಂದು ತಪ್ಪು ನಡೆದಿಲ್ಲ ಅನ್ನಿಸಿಕೊಂಡು ತಿರುಗಾಡುವ ಸುಖವನ್ನು ಬಿಟ್ಟುಕೊಡಲು ಆಗುತ್ತಿಲ್ಲ. ಆಕೆಯ ಒಳ್ಳೆಯ ಹೆಸರನ್ನು ಕಿತ್ತು ನಾನು ಹಾಕಿಕೊಂಡಿದ್ದೇನೆ ಅಂತ ಗೊತ್ತಿದ್ದೂ ಆಗುತ್ತಿಲ್ಲ.

ಮೊನ್ನೆ ಕಚೇರಿಗೆ ಹೋಗಿದ್ದೆ, ಪಿಂಚಣಿಯವರಿಗೆ ನಾನು ಬದುಕಿದ್ದೇನೆ ಅಂತ ತೋರಿಸುವ ಕಾಗದಕ್ಕೆ. ಮುರಿದ ಕುರ್ಚಿ ಈಗ ವರಾಂಡದಲ್ಲಿದೆ. ವಿಚಾರಣೆಯ ವಸ್ತುವಾದ್ದರಿಂದ ಈಗಂತೂ ಎಸೆಯುವ ಹಾಗೇ ಇಲ್ಲವಂತೆ. ಮುರಿದ ಕಾಲನ್ನು ಲಾಡಿಯಿಂದಲೇ ಕಟ್ಟಿ ನಿಲ್ಲಿಸಿದ್ದಾರೆ. ನಾನು ಅದರ ಹತ್ತಿರ ಹೋದದ್ದು ನೋಡಿ ಹೊಸದಾಗಿ ಬಂದ ಹುಡುಗಿಯೊಬ್ಬಳು ಒಳಗಿನಿಂದ 'ಅಜ್ಜಾ, ಅದು ಸರಿ ಇಲ್ಲ, ಕೂತ್ಕೋಬೇಡಿ' ಅಂತ ಕೂಗಿದಳು. ಎಲ್ಲರಿಗೂ ಗೊತ್ತಿದೆ, ಇನ್ನೇನು.

ನಿನ್ನೆ ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಫೋನು ಬಂತು. ಅಜ್ಜಂಪುರದ ನಂಬರು. ಹೊಡೆದುಕೊಳ್ಳಲು ಬಿಟ್ಟೆ. "ಯಾರ್ರೀ ಅದು, ಎತ್ಬಾರ್ದಾ?" ಅಂದಳು ಗೌರಮ್ಮ. "ಯಾರೋ, ರಾಂಗ್ ನಂಬರ್ರು" ಅಂದೆ. ಎದುರಿಗೆ ಜಾಡಿ ಇತ್ತು.

ಅದಕ್ಕೇ ಇವತ್ತು ಬೆಳಿಗ್ಗೆ ಎದ್ದವನೇ, ಬರೆದೇ ಬಿಡುತ್ತೇನೆ ಅಂತ ಹಾಳೆ ಎಳೆದುಕೊಂಡು ಕೂತೆ. ಕೈ ಓಡಿದ್ದು ಹೀಗೆ. ಉಪ್ಪಿನಕಾಯಿ, ಪ್ಯಾಂಟಿನ ಗುಂಡಿ, ಅಜ್ಜಿಯ ಕಲ್ಲು ಅಂತ ಹೊತ್ತು ನೆತ್ತಿಗೆ ಬರುವವರೆಗೆ ಬರೆದಿದ್ದೇನೆ, ನಿಮಗೆ. ಆಕೆ ಕೇಳಿದ್ದು ನಾಲ್ಕು ಸಾಲು.